ಟ್ರೈಗ್ಲಿಸರೈಡ್ ಇಳಿಯಿತು, ಎಲ್‌ಡಿಎಲ್ ಏರಿತು: ಲೋ ಕಾರ್ಬ್ ಬಿಡಬೇಕೆ?

ಪ್ರಶ್ನೆ: ನಾಲ್ಕು ತಿಂಗಳಿಂದ ದಿನಕ್ಕೆ 50 ಗ್ರಾಂ ಒಳಗೇ ಕಾರ್ಬೊಹೈಡ್ರೇಟ್ ತಿನ್ನುತ್ತಿದ್ದೇನೆ. ಬೆಣ್ಣೆ, ಚೀಸ್ ಧಾರಾಳ. ತೂಕ 7 ಕೆ.ಜಿ. ಇಳಿದಿದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಕೊಬ್ಬು) 210ರಿಂದ 110ಕ್ಕೆ ಬಂತು, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 38ರಿಂದ 46ಕ್ಕೆ ಏರಿತು. ಆದರೆ ‘ಕೆಟ್ಟ’ ಕೊಲೆಸ್ಟ್ರಾಲ್ ಎಲ್‌ಡಿಎಲ್ 118 ಇದ್ದದ್ದು 172 ಆಗಿದೆ, ಒಟ್ಟು ಕೊಲೆಸ್ಟ್ರಾಲ್ 198ರಿಂದ 240. ಎಚ್‌ಡಿಎಲ್ ಚೆನ್ನಾಗಿದ್ದರೆ ಎಲ್‌ಡಿಎಲ್ ಚಿಂತೆ ಬೇಡ ಎನ್ನುತ್ತಾರಲ್ಲ, ನಿಜವೇ?

ಉತ್ತರ: ನಿಜವಲ್ಲ. ಎಚ್‌ಡಿಎಲ್ ಏರಿದ್ದು ಎಲ್‌ಡಿಎಲ್ ಮಾಡುವ ಹಾನಿಗೆ ಪರಿಹಾರವಾಗದು. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದು ನೋಡಿ: ಮೊದಲು 160, ಈಗ 194. ರಕ್ತನಾಳದ ಗೋಡೆಯಲ್ಲಿ ಸೇರಿಕೊಳ್ಳುವ ಕೊಲೆಸ್ಟ್ರಾಲ್ ಇದೇ. ಅದು ಹೆಚ್ಚಾಗಿದೆ.

ಸಕ್ಕರೆ, ಪಿಷ್ಟ ಕಡಿಮೆಯಾದಾಗ ಲಿವರ್ ಕೊಬ್ಬು ತಯಾರಿಸುವುದು ತಗ್ಗುತ್ತದೆ, ಟ್ರೈಗ್ಲಿಸರೈಡ್ ಇಳಿದದ್ದು ಅದರಿಂದ. ಆ ಲಾಭವನ್ನು ಬಿಟ್ಟುಕೊಡಬೇಕಿಲ್ಲ. ಎಲ್‌ಡಿಎಲ್ ಏರಿಸಿರುವುದು ಬಹುಶಃ ನಿಮ್ಮ ಬೆಣ್ಣೆ ಮತ್ತು ಚೀಸ್. ರಕ್ತದಿಂದ ಎಲ್‌ಡಿಎಲ್ ಹಿಡಿದು ಒಳಗೆಳೆಯುವ ಗ್ರಾಹಕಗಳು ಲಿವರ್ ಮೇಲಿವೆ. ಬೆಣ್ಣೆ, ಚೀಸ್‌ನಲ್ಲಿರುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದರೆ ಅವುಗಳ ಕೆಲಸ ಕುಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. 2000 ಕ್ಯಾಲರಿ ಊಟದಲ್ಲಿ ಈ ಕೊಬ್ಬು 22 ಗ್ರಾಂ ದಾಟಬಾರದು. ಒಂದು ದೊಡ್ಡ ಚಮಚ ಬೆಣ್ಣೆಯಲ್ಲೇ 7 ಗ್ರಾಂ ಇದೆ, ಅಷ್ಟೇ ತೆಂಗಿನೆಣ್ಣೆಯಲ್ಲಿ ಸುಮಾರು 11.

ಹಾಗಾಗಿ ಕಾರ್ಬ್ ಹೆಚ್ಚಿಸದೆ ಮೊದಲು ಕೊಬ್ಬು ಬದಲಿಸಿ. ಬೆಣ್ಣೆ, ಕೆನೆ, ಕೊಬ್ಬಿರುವ ಮಾಂಸದ ಜಾಗಕ್ಕೆ ಬೀಜಗಳು, ಮೀನು, ಆಲಿವ್ ಅಥವಾ ಸೂರ್ಯಕಾಂತಿ ಎಣ್ಣೆ ಬರಲಿ. ಕಾರ್ಬ್ ಬಿಟ್ಟವರಲ್ಲಿ ನಾರಿನಂಶವೂ ಕುಸಿದಿರುತ್ತದೆ. ಕರಗುವ ನಾರು ದಿನಕ್ಕೆ 5ರಿಂದ 10 ಗ್ರಾಂ ಸಿಕ್ಕರೆ ಎಲ್‌ಡಿಎಲ್ ಸುಮಾರು ಶೇ 5 ಇಳಿಯುತ್ತದೆ. ಇಸಬ್‌ಗೋಲ್ ಸುಲಭದ ದಾರಿ, ಆದರೆ ಪ್ರತಿ ಸಲವೂ ತುಂಬು ಲೋಟ ನೀರಿನೊಂದಿಗೇ ತೆಗೆದುಕೊಳ್ಳಿ. ಮೊದಲೇ ತೆಳ್ಳಗಿರುವವರಲ್ಲಿ ಮಾತ್ರ ಇಷ್ಟು ಸಾಲದಿರಬಹುದು, ಸ್ವಲ್ಪ ಕಾರ್ಬ್ ಮರಳಿಸಬೇಕಾಗುತ್ತದೆ.

ತೂಕ ವೇಗವಾಗಿ ಇಳಿಯುವಾಗಲೂ ಎಲ್‌ಡಿಎಲ್ ತಾತ್ಕಾಲಿಕವಾಗಿ ಏರುವುದುಂಟು. ಆದ್ದರಿಂದ ತೂಕ ಒಂದು ಕಡೆ ನಿಂತ ಮೇಲೆ, ಆಹಾರ ಬದಲಿಸಿ 6ರಿಂದ 12 ವಾರಕ್ಕೆ ಮತ್ತೆ ಪರೀಕ್ಷಿಸಿ. ಅಪೊ ಬಿ ಪರೀಕ್ಷೆಯನ್ನೂ ಸೇರಿಸಿದರೆ ಒಳ್ಳೆಯದು, ಅದು ಅಪಾಯಕಾರಿ ಕಣಗಳ ಸಂಖ್ಯೆಯನ್ನೇ ಹೇಳುತ್ತದೆ. ಎಲ್‌ಡಿಎಲ್ 190 ಮುಟ್ಟಿದರೆ, ಅಥವಾ ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ ಕಾಯಬೇಡಿ: ಥೈರಾಯ್ಡ್ ಮತ್ತು ಆನುವಂಶಿಕ ಕಾರಣಗಳನ್ನು ವೈದ್ಯರು ನೋಡಬೇಕು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕಾಗಬಹುದು.

ಮಧುಮೇಹದ ಔಷಧಿ ಇದೆಯೇ ಎಂದು ನೀವು ಬರೆದಿಲ್ಲ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಇಷ್ಟು ಕಡಿಮೆ ಕಾರ್ಬ್‌ನಲ್ಲಿ ಸಕ್ಕರೆ ದಿಢೀರ್ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಇದ್ದರೆ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಹೆಚ್ಚಾಗುವ ಸ್ಥಿತಿ) ಅಪಾಯ. ಹಾಗಿದ್ದರೆ ಇವತ್ತೇ ನಿಮ್ಮ ವೈದ್ಯರಿಗೆ ತಿಳಿಸಿ.