ಆರು ವರ್ಷ ಇಲಿ ನೋಡಿದ್ದೇ ಬಂತಾ?

ಹಾಸನದಿಂದ ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹೋದ ಸಂಚಿಕೆಯಲ್ಲಿ ಕ್ಯಾನ್ಸರ್ ಸಂಶೋಧಕರನ್ನು ಹಾಡಿ ಹೊಗಳಿದ್ದೀರಿ. ನನ್ನ ಅಣ್ಣನ ಮಗಳು ಇಮ್ಯುನಾಲಜಿಯಲ್ಲಿ ಆರು ವರ್ಷದಿಂದ ಪಿಎಚ್.ಡಿ. ಮಾಡುತ್ತಲೇ ಇದ್ದಾಳೆ. ಕೈಗೆ ಬರುವ ಸ್ಟೈಪೆಂಡ್ ಮನೆ ಬಾಡಿಗೆಗೂ ಸಾಲದು. ಕೇಳಿದರೆ ಇಲಿ, ಜೀವಕೋಶ ಅನ್ನುತ್ತಾಳೆ. ಇದರಿಂದ ಯಾವ ರೋಗಿಗೆ ಏನು ಉಪಯೋಗ? ತೆರಿಗೆ ದುಡ್ಡನ್ನು ನೇರವಾಗಿ ಆಸ್ಪತ್ರೆಗೆ ಕೊಡಬಾರದೇ?"

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಪ್ರಶ್ನೆ ಮಾತ್ರ ಹಿಡಿಸಲಿಲ್ಲ. ಆಸ್ಪತ್ರೆಗೆ ದುಡ್ಡು ಬೇಕು, ಖಂಡಿತ. ವಾರ್ಡಿನ ಹೊರಗೆ ಚಾಪೆ ಹಾಸಿ ಮಲಗುವ ಮನೆಮಂದಿಯನ್ನು ನಾನೂ ನೋಡಿದ್ದೇನೆ. ಅಷ್ಟು ಒಪ್ಪಿಕೊಂಡು ಮುಂದಕ್ಕೆ ಹೋಗುತ್ತೇನೆ. ಯಾಕೆಂದರೆ ನನಗೆ ಜೇಮ್ಸ್ ಆಲಿಸನ್ ಎಂಬ ಅಮೆರಿಕದ ವಿಜ್ಞಾನಿಯ ಕಥೆ ಹೇಳಬೇಕಿದೆ.

ಟೆಕ್ಸಾಸ್‌ನ ಆಲಿಸ್ ಅನ್ನೋ ಸಣ್ಣ ಊರಿನಲ್ಲಿ 1948ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ತಾಯಿ ಲಿಂಫೋಮಾ ಅನ್ನೋ ಕ್ಯಾನ್ಸರ್‌ನಿಂದ ತೀರಿಕೊಂಡರು. ಹೈಸ್ಕೂಲಿನಲ್ಲಿ ಡಾರ್ವಿನ್ನನ ವಿಕಾಸವಾದ ಬಿಟ್ಟು ಜೀವಶಾಸ್ತ್ರ ಕಲಿಸುತ್ತಾರೆ ಅಂತ ಗೊತ್ತಾದಾಗ, ಆ ಕ್ಲಾಸೇ ಬೇಡ ಅಂದ ಹುಡುಗ. (ನಿಮ್ಮ ಕೈಗೆ ಸಿಕ್ಕಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದಿರಿ, ಅಲ್ವಾ?) ತಾಯಿಗಾಗಿ ಕ್ಯಾನ್ಸರ್ ಗೆಲ್ಲಲು ಹೊರಟರು ಅಂತ ಬರೆದರೆ ಸಿನಿಮಾ ಕಥೆ ಥರ ಚೆನ್ನಾಗಿರುತ್ತೆ. ಆದರೆ ತಾನು ಹೊರಟಿದ್ದು ಟಿ-ಕೋಶ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು, ಅಂತ ಅವರೇ ಹೇಳಿಕೊಂಡಿದ್ದಾರೆ.

ಟಿ-ಕೋಶ ಅಂದರೆ ರೋಗದ ಜೊತೆ ಹೋರಾಡುವ ಬಿಳಿ ರಕ್ತಕಣ, ನಮ್ಮ ರಕ್ತದ ಕಾವಲುಗಾರ. ಅದನ್ನು ಗಾಡಿ ಅಂದುಕೊಳ್ಳಿ. ಸ್ಟಾರ್ಟ್ ಮಾಡೋಕೆ ಒಂದು ಕೀಲಿ ಬೇಕು. ಓಡೋಕೆ ಆಕ್ಸಿಲರೇಟರ್ ಬೇಕು, ಅದರ ಹೆಸರು ಸಿಡಿ28. ಅದರ ಪಕ್ಕದಲ್ಲೇ ಸಿಟಿಎಲ್‌ಎ-4 ಅನ್ನುವ ಇನ್ನೊಂದು ಅಣು ಇತ್ತು. ಅದೂ ಆಕ್ಸಿಲರೇಟರೇ ಅಂತ ಕೆಲವರು ವಾದಿಸಿದರು. ಅಲ್ಲ, ಬ್ರೇಕು ಅಂತ ತೋರಿಸಿದವರಲ್ಲಿ ಆಲಿಸನ್ ಲ್ಯಾಬ್ ಒಂದು. ಹಾಗಾದರೆ ಬ್ರೇಕ್ ಮೇಲಿಂದ ಕಾಲು ತೆಗೆಸಿದರೆ ಟಿ-ಕೋಶ ಕ್ಯಾನ್ಸರ್ ಗೆಡ್ಡೆಯ ಮೇಲೆ ಬೀಳುತ್ತದಾ?

1994ರ ಕೊನೆ, ಬರ್ಕ್ಲಿ. ಡಾನಾ ಲೀಚ್ ಎಂಬ ಸಹೋದ್ಯೋಗಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಬ್ರೇಕ್ ತಡೆಯುವ ಆಂಟಿಬಾಡಿ ಕೊಟ್ಟ ಇಲಿಗಳಲ್ಲಿ ಗೆಡ್ಡೆ ಕರಗಿಹೋಗಿತ್ತು. ಆಲಿಸನ್ ನಂಬಲಿಲ್ಲ, ಇನ್ನೊಮ್ಮೆ ಮಾಡಿ ಅಂದರು. ಕ್ರಿಸ್‌ಮಸ್ ರಜೆ ಬಂತು, ಲೀಚ್ ರಜೆಗೆ ಹೊರಟರು. ಯಾವ ಪಂಜರಕ್ಕೆ ಔಷಧಿ ಬಿದ್ದಿದೆ ಅಂತ ಹೇಳದೇ ಹೋಗಿ, ಅಳತೆ ನಾನೇ ತೆಗೆಯುತ್ತೇನೆ ಅಂದರು ಆಲಿಸನ್. ಖಾಲಿ ಲ್ಯಾಬಿನಲ್ಲಿ ಒಂದೊಂದೇ ಇಲಿ ಎತ್ತಿ ಗೆಡ್ಡೆ ಅಳೆದರು. ಮೊದಲು ಎಲ್ಲದರಲ್ಲೂ ಬೆಳೆಯುತ್ತಿತ್ತು. ಹೋಯ್ತು ಕೆಲಸ ಅಂದುಕೊಂಡರು. ಆಮೇಲೆ ಕೆಲವು ಇಲಿಗಳಲ್ಲಿ ಬೆಳವಣಿಗೆ ನಿಂತಿತು. ಗೆಡ್ಡೆ ಕುಗ್ಗಿತು. 1996ರಲ್ಲಿ ಪ್ರಬಂಧ ಅಚ್ಚಾಯಿತು.

ಇಷ್ಟಾದ ಮೇಲೆ ಕಂಪನಿಗಳು ಕ್ಯೂ ನಿಂತವು ಅಂದುಕೊಂಡಿರಾ? ಬಾಗಿಲು ಬಡಿದು ಬಡಿದು ಸುಸ್ತಾದ ಮೇಲೆ ಇದನ್ನು ಮನುಷ್ಯರಿಗೆ ಔಷಧಿ ಮಾಡಲು ಮೆಡಾರೆಕ್ಸ್ ಎಂಬ ಸಣ್ಣ ಕಂಪನಿ ಒಪ್ಪಿತು. ಇಪಿಲಿಮುಮಾಬ್ ಅನ್ನುವ ಆ ಔಷಧಿಗೆ ಅನುಮತಿ ಸಿಕ್ಕಿದ್ದು 2011ರಲ್ಲಿ. 2018ರಲ್ಲಿ ಆಲಿಸನ್ ಮತ್ತು ಜಪಾನಿನ ತಾಸುಕು ಹೊಂಜೊ ಇಬ್ಬರಿಗೂ ನೊಬೆಲ್. ಹೊಂಜೊ ಲ್ಯಾಬಿಗೆ 1992ರಲ್ಲಿ ಪಿಡಿ-1 ಅನ್ನುವ ಅಣು ಸಿಕ್ಕಿದ್ದು ಜೀವಕೋಶ ಸಾಯುವುದು ಹೇಗೆ ಅಂತ ಹುಡುಕುವಾಗ. ಅದೇ ಇನ್ನೊಂದು ಬ್ರೇಕು ಅಂತ ಗೊತ್ತಾಗೋಕೆ ಮತ್ತೆ ವರ್ಷಗಳು ಹಿಡಿದವು. 1992ರಲ್ಲಿ ಅವರನ್ನು "ಏನು ಉಪಯೋಗ?" ಅಂತ ಕೇಳಿದ್ದರೆ ಏನು ಹೇಳಬೇಕಿತ್ತು, ಮೇಷ್ಟ್ರೇ?

ಎಲ್ಲರಿಗೂ ಈ ಔಷಧಿ ಹಿಡಿಯುವುದಿಲ್ಲ. ಮೆಲನೋಮಾ ಅನ್ನುವ ಚರ್ಮದ ಕ್ಯಾನ್ಸರ್ ಮೈಯಲ್ಲಿ ಹರಡಿದವರಿಗೆ ಇಪಿಲಿಮುಮಾಬ್ ಒಂದನ್ನೇ ಕೊಟ್ಟಾಗ, ನೂರರಲ್ಲಿ ಸುಮಾರು 20 ಜನ ಮೂರು ವರ್ಷ ದಾಟಿದರು. ಬ್ರೇಕ್ ಬಿಟ್ಟ ಗಾಡಿ ನಮ್ಮ ಕರುಳಿಗೇ, ಥೈರಾಯ್ಡಿಗೇ ಗುದ್ದುವುದೂ ಉಂಟು. ಬೆಲೆಯ ಮಾತು ಬೇಡವೇ ಬೇಡ. ಆದರೆ ಆ 20ರಲ್ಲಿ ಬಹಳ ಜನ ಹತ್ತು ವರ್ಷ ಆದಮೇಲೂ ಬದುಕಿದ್ದರು. ಮೊದಲು ಈ ಕಾಯಿಲೆ ಹರಡಿತು ಅಂದರೆ ತಿಂಗಳ ಲೆಕ್ಕವೇ ಇತ್ತು.

ನನಗೆ ಸಿಟ್ಟು ನಿಮ್ಮ ಮೇಲಲ್ಲ. ನನ್ನ ತಂಗಿಯ ಮಗ ಒಂದು ಲ್ಯಾಬಿನಲ್ಲಿದ್ದ. ಎಂಟು ತಿಂಗಳು ಫೆಲೋಶಿಪ್ ಬರಲಿಲ್ಲ. ಆದರೆ ಫಾರಂ ಮಾತ್ರ ತಪ್ಪದೇ ಬರುತ್ತಿತ್ತು: "ಸಂಶೋಧನೆಯಿಂದ ಸಮಾಜಕ್ಕೆ ಆಗುವ ಲಾಭ, ಐದು ಸಾಲಿನಲ್ಲಿ." ಈಗ ಅವನು ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ, ಜಾಸ್ತಿ ಸಂಬಳ. ಮನೆಯವರೆಲ್ಲ ಖುಷಿ. ಅದೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ಗೋಧಿ ಹುಲ್ಲಿನ ರಸ ಕುಡಿದರೆ ಕ್ಯಾನ್ಸರ್ ಮಾಯ ಅಂತ ದಿನಾ ಬರುತ್ತದೆ. ಅದಕ್ಕೆ ಪುರಾವೆ ಏನು ಅಂತ ಅಲ್ಲಿ ಯಾರೂ ಕೇಳಿದ್ದನ್ನು ಕಾಣೆ.

ನಿಮ್ಮ ಪತ್ರ ಎರಡು ಸಲ ಓದಿದೆ. ಅವಳ ಸ್ಟೈಪೆಂಡ್ ಸಾಲದು ಅಂತ ಇದೆ. ಎಷ್ಟು ವರ್ಷ ಆಯಿತು ಅಂತ ಇದೆ. ಇಲಿಯಲ್ಲಿ ಅವಳು ಏನು ಹುಡುಕುತ್ತಿದ್ದಾಳೆ ಅಂತ ಎಲ್ಲೂ ಇಲ್ಲ. ಹಬ್ಬಕ್ಕೆ ಬಂದಾಗ ಕೂರಿಸಿಕೊಂಡು ಕೇಳಿ. ಅವಳು ಹೇಳಿದ್ದನ್ನು ಇದೇ ಮುತ್ತಿನ ಅಕ್ಷರದಲ್ಲಿ ಬರೆದು ಕಳಿಸಿ. ಒಂದು ಪುಟ ಖಾಲಿ ಇಟ್ಟಿರುತ್ತೇನೆ.

– ಸಂಪಾದಕ