ಸೂರ್ಯನ ಮೇಲ್ಮೈಯ ಹೊಳಪಿನ ಏರಿಳಿತ ಕಂಪ್ಯೂಟರ್ ಲೆಕ್ಕದ ಸಿಮ್ಯುಲೇಶನ್‌ನಲ್ಲಿ ಹೆಚ್ಚು, ದೂರದರ್ಶಕದ ಚಿತ್ರದಲ್ಲಿ ಕಡಿಮೆ. ಲೆಕ್ಕವೇ ತಪ್ಪೇ?

ಮಡಿಕೇರಿಯಿಂದ ಕೇಳಿದ್ದೀರಿ, ಒಳ್ಳೆಯ ಪ್ರಶ್ನೆ. ಲೆಕ್ಕ ತಪ್ಪಲ್ಲ, ವ್ಯತ್ಯಾಸದ ಬಹುಪಾಲು ದೂರದರ್ಶಕದಿಂದ ಬರುತ್ತದೆ.

ಸೂರ್ಯನ ಮೇಲ್ಮೈ ತುಂಬ ಸುಮಾರು 1000 ಕಿ.ಮೀ. ಅಗಲದ ಗ್ರಾನ್ಯೂಲ್‌ಗಳು, ಅಂದರೆ ಕುದಿಯುವ ಅನಿಲದ ಗುಳ್ಳೆಗಳಂಥ ಕಣಗಳಿವೆ. ಪ್ರತಿಯೊಂದರ ನಡುಭಾಗದಲ್ಲಿ ಬಿಸಿ ಅನಿಲ ಮೇಲೇಳುತ್ತದೆ, ಅಲ್ಲಿ ಹೊಳಪು. ತಣಿದದ್ದು ಅಂಚಿನ ಕಿರಿದಾದ ಸಂದುಗಳಲ್ಲಿ ಕೆಳಗಿಳಿಯುತ್ತದೆ. ತೊಂದರೆ ಇರುವುದು ಈ ಸಂದುಗಳಲ್ಲೇ: ದೂರದರ್ಶಕದಲ್ಲಿ ಅಕ್ಕಪಕ್ಕದ ಬೆಳಕು ಚೆದುರಿ ಅಲ್ಲಿಗೂ ಬಿದ್ದು, ಕಪ್ಪು ತಿಳಿಯಾಗುತ್ತದೆ. ರಾಜಾಸೀಟಿನಲ್ಲಿ ಮಂಜು ಕವಿದಾಗ ಎದುರಿನ ಕಾಡು, ಕಣಿವೆ ಎಲ್ಲ ಒಂದೇ ಬಣ್ಣವಾಗುವುದನ್ನು ನೀವೇ ನೋಡಿರುತ್ತೀರಿ.

ಹಾಗಾಗಿ ಲೆಕ್ಕವನ್ನೂ ದೂರದರ್ಶಕದ ಚಿತ್ರವನ್ನೂ ನೇರವಾಗಿ ಹೋಲಿಸುವುದು ನನ್ನ ಮಟ್ಟಿಗೆ ನ್ಯಾಯವೇ ಅಲ್ಲ. ಮೊದಲು ಲೆಕ್ಕದ ಚಿತ್ರವನ್ನೂ ಆ ದೂರದರ್ಶಕದಷ್ಟೇ ಮಬ್ಬಾಗಿಸಬೇಕು. 2006ರಲ್ಲಿ ಹಾರಿದ ಜಪಾನಿನ ಹಿನೋಡೆ ಉಪಗ್ರಹದ 50 ಸೆಂ.ಮೀ. ದೂರದರ್ಶಕಕ್ಕೆ ಸಂಶೋಧಕರು ಇದನ್ನೇ ಮಾಡಿ ನೋಡಿದರು. 630 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕಿನಲ್ಲಿ ಲೆಕ್ಕ ಹೇಳಿದ ಏರಿಳಿತ ಸರಾಸರಿ ಹೊಳಪಿನ ಶೇ. 14ರಷ್ಟು, ಕಂಡದ್ದು ಶೇ. 7. ಕನ್ನಡಿಯ ಅಳತೆ, ಅದಕ್ಕೆ ಅಡ್ಡ ಬರುವ ಎರಡನೇ ಕನ್ನಡಿ, ಅದನ್ನು ಹಿಡಿದ ಕಂಬಿಗಳು, ತುಸು ತಪ್ಪಿದ ಫೋಕಸ್, ಇಷ್ಟನ್ನೂ ಸೇರಿಸಿದ ಮೇಲೆ ಲೆಕ್ಕವೂ ಶೇ. 7.5ಕ್ಕೆ ಇಳಿಯಿತು! ಹಿನೋಡೆ ವಾತಾವರಣದ ಆಚೆ ಇರುವುದರಿಂದ ಗಾಳಿಯ ಅಲುಗಾಟದ ಕಾಟವಿಲ್ಲ. ನೆಲದ ದೂರದರ್ಶಕಗಳಿಗೆ ಈ ತಾಳೆ ಇನ್ನೂ ಕಷ್ಟ.