ಹಳೇ ಆಂಪಿನ ವಾಲ್ಯೂಮ್ ಫುಲ್ ಇಟ್ಟು ಮೊಬೈಲಿನಿಂದಲೇ ಹಾಡು ನಡೆಸಬಹುದಾ? ಯಾವ ಡ್ಯಾಕ್ ಒಳ್ಳೆಯದು?

ಮೊದಲು ಎದ್ದು ಹೋಗಿ ಆ ನಾಬ್ ಇಳಿಸಿ ಬನ್ನಿ. ಮತ್ತೆ ಕೂತು ಓದಿ.

ಅಪ್ಪ ಗಲ್ಫಿನಿಂದ ತಂದ ಆಂಪು (ಆಂಪ್ಲಿಫೈಯರು), ರಿಮೋಟ್ ಇಲ್ಲ, ಹಾಗಾಗಿ ಅದರ ವಾಲ್ಯೂಮ್ ಪೂರ್ತಿ ಕೊಟ್ಟು ಉಳಿದದ್ದೆಲ್ಲ ಮೊಬೈಲಿನಲ್ಲಿ. ಹದಿನೈದು ಸಾವಿರದೊಳಗೆ ಯಾವ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪಿಗೆ ತಿಳಿಯುವ ಸಿಗ್ನಲ್ ಮಾಡಿಕೊಡುವಂಥದ್ದು)? ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ. ಸುರತ್ಕಲ್ಲಿನ ನಮ್ಮ ಮನೆಯಲ್ಲಿ ನಾನು ಮಾಡಿದ್ದೂ ಡಿಟ್ಟೋ ಇದೇ. ಚಾನೆಲಿಗೆ 40 ವಾಟಿನ ಜಪಾನಿ ಆಂಪು, ಅದರ ಜೊತೆಗೇ ಬಂದ ತ್ರೀ-ವೇ ಸ್ಪೀಕರು. ಅದಕ್ಕೆ ರಾಸ್ಪ್‌ಬೆರಿ ಪೈ (ಅಂಗೈಯಷ್ಟರ ಕಂಪ್ಯೂಟರು), ಮೇಲೊಂದು ಡ್ಯಾಕ್ ಬೋರ್ಡು. ಎರಡು ತಿಂಗಳು ಚೆಂದ ನಡೆಯಿತು.

ಜೂನಿನಲ್ಲಿ ಒಂದು ಸಂಜೆ ಮಳೆಗೆ ಕರೆಂಟು ಹೋಯಿತು. ಆಂಪಿನದ್ದು ಒತ್ತಿದರೆ ಒಳಗೇ ಕೂರುವ ಸ್ವಿಚ್ಚು, ಆಫ್ ಮಾಡಲಿಲ್ಲ. ಕರೆಂಟು ಬಂದಾಗ ಆಂಪು ತಾನೇ ಎದ್ದಿತು, ರಿಲೇ ಟಕ್ ಅಂದಿತು, ಅರ್ಧ ನಿಮಿಷದಲ್ಲಿ ಪೈಯೂ ಎದ್ದಿತು. ನಿಂತಿದ್ದ ಯಕ್ಷಗಾನದ ಪದ್ಯ ಮುಂದುವರಿಯಲಿ ಎಂದು ಮೊಬೈಲಿನಲ್ಲಿ ಪ್ಲೇ ಒತ್ತಿದೆ. ಏರುಪದ್ಯ, ಚೆಂಡೆ. ಮೂರು ಸೆಕೆಂಡು ಮನೆ ನಡುಗಿತು. ನಾಬಿಗೆ ಕೈ ಹಾಕುವಷ್ಟರಲ್ಲಿ ಎರಡೂ ಟ್ವೀಟರು (ಸ್ಪೀಕರಿನಲ್ಲಿ ಎತ್ತರದ ಸ್ವರ ಹೊರಡಿಸುವ ಪುಟ್ಟ ಭಾಗ) ಸುಟ್ಟಿದ್ದವು. ಆಮೇಲೆ ಭಾಗವತರ ಸ್ವರ ಕಂಬಳಿ ಹೊದ್ದು ಹಾಡಿದ ಹಾಗೆ, ಜಾಗಟೆ ಪೂರ್ತಿ ನಾಪತ್ತೆ.

ಕಥೆ ಇಷ್ಟೇ. ಯಾಕೆ ಹೀಗಾಯಿತು ಎಂಬುದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ಯಾಕೆಂದರೆ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಆ ಕಾಲದ ಆಂಪಿನಲ್ಲಿ ಹೊರಗಿನ ಪ್ಲೇಯರು ಚುಚ್ಚುವ ಆಕ್ಸ್ ಇನ್‌ಪುಟ್ಟಿನ ಸೆನ್ಸಿಟಿವಿಟಿ ಸಾಮಾನ್ಯವಾಗಿ 150 ಮಿಲಿವೋಲ್ಟ್. ಅಂದರೆ ನಾಬ್ ಫುಲ್ ಇದ್ದಾಗ 0.15 ವೋಲ್ಟ್ ಕೊಟ್ಟರೆ ಸಾಕು, ಆಂಪು ತನ್ನ 40 ವಾಟನ್ನೂ ಕೊಡುತ್ತದೆ. ಈಗಿನ ಸ್ಟ್ರೀಮರು (ನನ್ನ ಪೈ ಥರ ನೆಟ್ಟಿನಿಂದ ಹಾಡು ತರುವ ಪೆಟ್ಟಿಗೆ), ಡ್ಯಾಕ್, ಸಿಡಿ ಪ್ಲೇಯರು ಪೂರ್ತಿ ಮಟ್ಟದಲ್ಲಿ ಕೊಡುವುದು 2 ವೋಲ್ಟ್. ಹದಿಮೂರು ಪಟ್ಟು ಹೆಚ್ಚು, ಡೆಸಿಬೆಲ್ ಲೆಕ್ಕದಲ್ಲಿ 22ರ ಮೇಲೆ. 8 ಓಮ್ ಸ್ಪೀಕರಿಗೆ 40 ವಾಟ್ ಅಂದರೆ ಸುಮಾರು 18 ವೋಲ್ಟ್, 0.15 ವೋಲ್ಟಿಗೆ 18 ಬರುವುದಾದರೆ 2 ವೋಲ್ಟಿಗೆ 240 ವೋಲ್ಟ್ ಬರಬೇಕು. ಆಂಪಿನ ಒಳಗೆ ಇರುವುದೇ ಮೂವತ್ತು ಚಿಲ್ಲರೆ ವೋಲ್ಟಿನ ಸಪ್ಲೈ. ಹಾಗಾಗಿ ಅದು ಪ್ರತಿ ಅಲೆಯ ನೆತ್ತಿಯನ್ನೂ ಬುಡವನ್ನೂ ಕತ್ತರಿಸಿ, ಚಪ್ಪಟೆ ಮಾಡಿ ಹೊರಗೆ ಬಿಡುತ್ತದೆ. ಇದೇ ಕ್ಲಿಪ್ಪಿಂಗ್.

ಚಪ್ಪಟೆ ಅಲೆಯಲ್ಲಿ ಎರಡು ಅಪಾಯ. ಒಂದು, ನೆತ್ತಿ ಅಷ್ಟೇ ಎತ್ತರ ಇದ್ದರೂ ಅಲೆ ಚೌಕವಾದಾಗ ಪವರು ಇಮ್ಮಡಿ: 40 ವಾಟಿನ ಆಂಪು 80ರ ಹತ್ತಿರ ಕೊಡುತ್ತದೆ. ಎರಡು, ಕತ್ತರಿಸಿದ ಅಂಚಿನಿಂದ ಮೂಲದಲ್ಲಿ ಇಲ್ಲದ ಮೇಲಿನ ಆವರ್ತನಗಳು ಹುಟ್ಟುತ್ತವೆ, ಕ್ರಾಸ್‌ಓವರು (ಸ್ಪೀಕರಿನೊಳಗೆ ಸ್ವರ ಹಂಚುವ ಸರ್ಕ್ಯೂಟು) ಅವನ್ನೆಲ್ಲ ನಿಯತ್ತಾಗಿ ಟ್ವೀಟರಿಗೇ ಕಳಿಸುತ್ತದೆ. ಸ್ಪೀಕರಿನ ಮೇಲೆ 60 ವಾಟ್ ಎಂದು ಬರೆದಿದ್ದರೂ ಕೂದಲಿನಂಥ ತಂತಿಯ ಟ್ವೀಟರ್ ಕಾಯಿಲು ಸತತವಾಗಿ ತಾಳುವುದು ಕೆಲವೇ ವಾಟ್. ತಗ್ಗು ಸ್ವರದ ವೂಫರು ಉಳಿದು ಟ್ವೀಟರು ಮಾತ್ರ ಹೋಗುವುದಕ್ಕೆ ಇದೇ ಕಾರಣ.

ಮತ್ತೆ ಮೊಬೈಲಿನಲ್ಲಿ ಕಡಿಮೆ ಇಟ್ಟಿದ್ದ ವಾಲ್ಯೂಮ್ ಎಲ್ಲಿ ಹೋಯಿತು? ಆ ಅಂಕಿ ಇರುವುದು ಪೈಯ ಮೆಮೊರಿಯಲ್ಲಿ. ಮೆಮೊರಿ ಕಾರ್ಡಿಗೆ ಅದು ಬರೆದುಕೊಳ್ಳುವುದು ಸರಿಯಾಗಿ ಶಟ್‌ಡೌನ್ ಮಾಡಿದಾಗ. ಕರೆಂಟು ಹೋದಾಗ ಬರೆಯಲು ಸಮಯ ಎಲ್ಲಿಂದ? ಮತ್ತೆ ಎದ್ದಾಗ ಡೀಫಾಲ್ಟಿಗೆ ಹೋಯಿತು, ನಾನು ಇಟ್ಟಿದ್ದ ಡೀಫಾಲ್ಟ್ 100. ಕರೆಂಟೇ ಬೇಕೆಂದೂ ಇಲ್ಲ. ಮನೆಗೆ ಬಂದ ಅಳಿಯ ತನ್ನ ಫೋನಿನಿಂದ ಹಾಡು ಕಳಿಸಿದರೆ, ಆ ಫೋನಿನ ವಾಲ್ಯೂಮ್ ಸ್ಟ್ರೀಮರಿನದ್ದನ್ನು ಎತ್ತಿ ಹಾಕಬಹುದು. ಇನ್‌ಪುಟ್ಟಿಗೆ ಬರುವ ಮಟ್ಟ ಮನೆಯಲ್ಲಿ ಒಬ್ಬರ ಕೈಯಲ್ಲಿ ಇರುವುದಿಲ್ಲ.

ಹಾಗಾದರೆ ಪ್ರತಿ ಸಲ ಎದ್ದು ಹೋಗಿ ನಾಬ್ ತಿರುಗಿಸಬೇಕಾ? ಬೇಡ. ಆಂಪಿನ ನಾಬನ್ನು ಮನೆಯ ಮಾಡು ಎಂದುಕೊಳ್ಳಿ, ಸ್ವರ ಅದಕ್ಕಿಂತ ಮೇಲೆ ಹೋಗಬಾರದು. ಆಂಪಿನ ನಾಬ್ ಸೊನ್ನೆಯಲ್ಲಿಟ್ಟು ಸ್ಟ್ರೀಮರನ್ನು 100ಕ್ಕೆ ಏರಿಸಿ. ನಿಮ್ಮಲ್ಲಿರುವ ಅತಿ ಜೋರಿನ ರೆಕಾರ್ಡಿಂಗ್ ಹಾಕಿ, ಈಗಿನ ಸಿನಿಮಾ ಹಾಡು ಆದೀತು. ನಾಬನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ, ‘ನಮ್ಮ ಮನೆಯಲ್ಲಿ ಇದಕ್ಕಿಂತ ಜೋರು ಯಾವತ್ತೂ ಬೇಡ’ ಅನ್ನುವಲ್ಲಿ ನಿಲ್ಲಿಸಿ. ಅಲ್ಲಿಗೊಂದು ಚುಕ್ಕಿ ನೈಲ್ ಪಾಲಿಶ್. ಇನ್ನು ಮೊಬೈಲಿನಲ್ಲಿ ಎಷ್ಟು ಬೇಕಾದರೂ ಆಡಿ, ಎಂತ ಎಡವಟ್ಟಾದರೂ ಸ್ವರ ಆ ಚುಕ್ಕಿ ದಾಟುವುದಿಲ್ಲ. ಮೊಬೈಲಿನಲ್ಲಿ ಇಳಿಸಿದರೆ ಕ್ವಾಲಿಟಿ ಹೋಗುತ್ತದೆ ಎಂದು ಹೆದರಿಸುವವರಿದ್ದಾರೆ. ಒಂದು ಬಿಟ್ಟಿಗೆ 6 ಡೆಸಿಬೆಲ್ ಲೆಕ್ಕ. 24 ಬಿಟ್ ಡ್ಯಾಕಿನಲ್ಲಿ 30 ಡೆಸಿಬೆಲ್ ಇಳಿಸಿದರೂ 19 ಬಿಟ್ ಉಳಿಯುತ್ತದೆ, ಸಿಡಿಯಲ್ಲಿ ಇರುವುದೇ 16.

ನಿಮಗೆ ಆ ಚುಕ್ಕಿ ಬಹಳ ಕೆಳಗೆ, ಗಡಿಯಾರದ 8 ಗಂಟೆಯ ಮುಳ್ಳಿನ ಜಾಗಕ್ಕೇ ಬಂದರೆ ಇನ್ನೊಂದು ಕಿರಿಕಿರಿ ಉಂಟು. ಅಷ್ಟು ಕೆಳಗೆ ಹಳೇ ನಾಬಿನ ಎಡಬಲ ಸಮ ಇರುವುದಿಲ್ಲ, ಒಂದು ಕಡೆ ಸಣ್ಣಗೆ ಕೇಳುತ್ತದೆ. ಅದಕ್ಕೆ ಮದ್ದು ಎರಡು ರೆಸಿಸ್ಟರು: ಆರ್‌ಸಿಎ ವಯರಿನ (ಆಂಪಿನ ಹಿಂದೆ ಚುಚ್ಚುವ ಕೆಂಪು-ಬಿಳಿ ಪಿನ್ನಿನದ್ದು) ಆಂಪು ಕಡೆಯ ಪಿನ್ನಿನಲ್ಲಿ, ಸಿಗ್ನಲ್ ದಾರಿಗೆ ಸರಣಿಯಾಗಿ 10 ಕಿಲೋ ಓಮ್, ಅದರ ನಂತರ ಸಿಗ್ನಲಿನಿಂದ ಗ್ರೌಂಡಿಗೆ 3.3 ಕಿಲೋ ಓಮ್. ಕಾಲು ವಾಟಿನ ಮೆಟಲ್ ಫಿಲ್ಮ್, ಎರಡೂ ಚಾನೆಲಿಗೆ ಒಂದೊಂದು ಜೊತೆ. ಮಟ್ಟ ಸುಮಾರು 12 ಡೆಸಿಬೆಲ್ ಇಳಿದು 2 ವೋಲ್ಟಿನ ಜಾಗದಲ್ಲಿ ಅರ್ಧ ವೋಲ್ಟ್ ಬರುತ್ತದೆ. ಖರ್ಚು ಒಂದು ಗೋಳಿಬಜೆ ಪ್ಲೇಟಿನದ್ದಕ್ಕಿಂತ ಕಡಿಮೆ. ಸೋಲ್ಡರಿಂಗ್ ಬಾರದಿದ್ದರೆ ಮಟ್ಟ ಇಳಿಸುವ ರೆಡಿಮೇಡ್ ಅಟೆನ್ಯುಯೇಟರ್ ಪಿನ್ನು ಸಿಗುತ್ತದೆ, 10 ಅಥವಾ 12 ಡೆಸಿಬೆಲ್‌ನದ್ದು ತರಿಸಿ.

ಇನ್ನು ನಿಮ್ಮ ಡ್ಯಾಕ್. ನಿಜ ಹೇಳಬೇಕೆಂದರೆ ಅದು ಪ್ರಶ್ನೆಯೇ ಅಲ್ಲ ಮಾರಾಯ್ರೆ. ನಲವತ್ತು ವರ್ಷದ ಆಂಪು, ಗಾಳಿಗೆ ಒಣಗಿದ ಸ್ಪೀಕರಿನ ಫೋಮು, ಇವುಗಳ ಮುಂದೆ ಎರಡು ಡ್ಯಾಕಿನ ವ್ಯತ್ಯಾಸ ಕಿವಿಗೆ ಬೀಳುವುದು ಕಷ್ಟ. ಲಿನಕ್ಸು, ಮೆಮೊರಿ ಕಾರ್ಡು ಅಂದರೆ ತಲೆನೋವು ಅನ್ನುವವರಾದರೆ ರೆಡಿಮೇಡ್ ಸ್ಟ್ರೀಮರ್ ತೆಗೆದುಕೊಳ್ಳಿ, ವಿಮ್ ಪ್ರೋ ಥರದ್ದು (ಪಾತ್ರೆ ತೊಳೆಯುವ ವಿಮ್ ಅಲ್ಲ). ಡ್ಯಾಕ್ ಅದರ ಒಳಗೇ ಉಂಟು. ಆಪಿನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೆಟ್ಟಿಂಗ್ ಹುಡುಕಿ, ಮೊದಲ ದಿನವೇ ಹಾಕಿ. ಪೈಯೇ ಬೇಕು ಅಂದರೆ ಪೈ 4 ಧಾರಾಳ ಸಾಕು, 40 ಪಿನ್ನಿನ ಮೇಲೆ ಕೂರುವ ಡ್ಯಾಕ್ ಬೋರ್ಡು, 5.1 ವೋಲ್ಟ್ 3 ಆಂಪಿಯರಿನ ಅಡಾಪ್ಟರು. ಹಳೇ ಮೊಬೈಲ್ ಚಾರ್ಜರು, ತೆಳು ವಯರು ಸೇರಿದರೆ ವೋಲ್ಟೇಜ್ ಕುಸಿದು ಹಾಡಿನ ನಡುವೆ ರೀಸ್ಟಾರ್ಟ್ ಆಗುತ್ತದೆ. ವಾಲ್ಯೂಮಿಯೊ (ಪೈಯಲ್ಲಿ ಹಾಡು ನಡೆಸುವ ಸಾಫ್ಟ್‌ವೇರು) ಹಾಕುವುದಾದರೆ ಪ್ಲೇಬ್ಯಾಕ್ ಆಯ್ಕೆಗಳಲ್ಲಿ ಡೀಫಾಲ್ಟ್ ಸ್ಟಾರ್ಟಪ್ ವಾಲ್ಯೂಮ್ 20, ಮ್ಯಾಕ್ಸ್ ವಾಲ್ಯೂಮ್ ಲೆವೆಲ್ 80 ಇಡಿ. ಮಿಕ್ಸರ್ ಟೈಪ್ ‘ನನ್’ (None) ಅಂತ ಇಟ್ಟರೆ ಪೂರ್ತಿ 2 ವೋಲ್ಟ್ ಯಾವಾಗಲೂ ಹೊರಗೆ, ಮೊಬೈಲಿನ ವಾಲ್ಯೂಮ್ ಗೆರೆ ಎಳೆದು ಪ್ರಯೋಜನ ಇಲ್ಲ.

ಬ್ಲೂಟೂತ್ ರಿಸೀವರು ಸಾಕಾ ಎಂದು ಕೇಳಿದ್ದೀರಿ. ಸ್ವರದ ಬಗ್ಗೆ ತಕರಾರಿಲ್ಲ. ಆದರೆ ಫೋನು ಹಿಡಿದು ಬಾವಿಕಟ್ಟೆಗೆ ಹೋದರೆ ಹಾಡು ಕಟ್, ಫೋನ್ ಬಂದರೆ ಹಾಡಿನ ಜಾಗದಲ್ಲಿ ರಿಂಗ್‌ಟೋನು. ಅದು ಸ್ಟ್ರೀಮಿಂಗ್ ಅಲ್ಲ, ಉದ್ದದ ವಯರು.

ಆಂಪಿನ ಹಿಂದೆ ಎಲ್ಲಿ ಚುಚ್ಚಬೇಕು: ಆಕ್ಸ್, ಟ್ಯೂನರ್, ಸಿಡಿ, ಟೇಪ್ ಪ್ಲೇ, ಇವೆಲ್ಲ ಒಂದೇ. ಫೋನೋಗೆ ಮಾತ್ರ ಬೇಡ. ಅದು ಗ್ರಾಮಫೋನ್ ಪ್ಲೇಟಿನ ಸೂಜಿಯ 3-5 ಮಿಲಿವೋಲ್ಟಿಗೆ ಮಾಡಿದ್ದು, ಬಾಸ್ ಎತ್ತಿ ಟ್ರೆಬಲ್ ಇಳಿಸುತ್ತದೆ. 2 ವೋಲ್ಟ್ ಕೊಟ್ಟರೆ ಬರುವುದು ಗೊಗ್ಗರು ಸ್ವರ. ಟೇಪ್ ರೆಕ್ ಅಂತ ಇದ್ದರೆ ಅದು ಹೊರಗೆ ಹೋಗುವ ದಾರಿ, ಸ್ವರವೇ ಬಾರದು. ಕೆಲವು ಸ್ಟ್ರೀಮರಿನಲ್ಲಿ ಆರ್‌ಸಿಎ ಥರದ್ದೇ ಮೂರನೇ ತೂತು ಇರುತ್ತದೆ. ಅದು ಡಿಜಿಟಲ್ ಕೋಆಕ್ಸಿಯಲ್, ಹಳೇ ಆಂಪಿಗೆ ಅದರ ಭಾಷೆ ತಿಳಿಯದು.

ನಮ್ಮ ಕರಾವಳಿಯ ಉಪ್ಪುಗಾಳಿಗೆ ಆ ಸಾಕೆಟ್ಟುಗಳು ಹಸಿರು ಹಿಡಿದಿರುತ್ತವೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಗೆ ಹಾಕಿ ಉಜ್ಜಿ, ಇನ್‌ಪುಟ್ ಸೆಲೆಕ್ಟರನ್ನು ಆಂಪು ಆಫ್ ಇರುವಾಗ ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಒಂದೇ ಕಡೆ ಸ್ವರ ಬರುವ ಅರ್ಧದಷ್ಟು ದೂರು ಅಲ್ಲೇ ಮುಗಿಯುತ್ತದೆ. ನಾಬ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ತುಕ್ಕಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಆಂಪು ಓಡಲಿ, ಅದರ ಬಿಸಿಗೇ ಒಳಗಿನ ಪಸೆ ಆರುತ್ತದೆ.

ಹಾಡು ನಡುವೆ ನಿಂತು ನಿಂತು ಬಂದರೆ ಡ್ಯಾಕನ್ನು ಬೈಯಬೇಡಿ, ಗೋಡೆ ನೋಡಿ. ಮುರಕಲ್ಲಿನ ಎರಡು ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ವೈಫೈ ಸೋತಿರುತ್ತದೆ, 2.4ಕ್ಕೆ ಹಾಕಿ, ಆಗುವುದಾದರೆ ಲ್ಯಾನ್ ಕೇಬಲನ್ನೇ ಎಳೆಯಿರಿ. ಚಾವಡಿಯಲ್ಲಿ ಎರಡನೇ ರೂಟರ್ ಇಟ್ಟವರಿಗೆ ಆಗುವ ಮಾಮೂಲಿ ತೊಂದರೆ: ಇಂಟರ್ನೆಟ್ ಬರುತ್ತದೆ, ಆದರೆ ಮೊಬೈಲಿಗೆ ಸ್ಟ್ರೀಮರು ಕಾಣುವುದೇ ಇಲ್ಲ. ಎರಡನೆಯದರ ವ್ಯಾನ್ (WAN, ಇಂಟರ್ನೆಟ್ ಒಳಬರುವ) ಪೋರ್ಟಿಗೆ ಕೇಬಲ್ ಹಾಕಿದ್ದರೆ ಅದು ಬೇರೆಯೇ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ, ಈ ಕಡೆಯ ಫೋನು ಹಾಕುವ ಕೂಗು ಆ ಕಡೆಗೆ ದಾಟುವುದಿಲ್ಲ. ಮುಖ್ಯ ರೂಟರು 192.168.1.1 ಆದರೆ ಎರಡನೆಯದಕ್ಕೆ 192.168.1.2 ಕೊಡಿ, ಅದರ ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಹಾಕಿ. ಗೆಸ್ಟ್ ವೈಫೈಯಲ್ಲಿರುವ ಫೋನಿಗೂ ಸ್ಟ್ರೀಮರು ಕಾಣದು.

ಆನ್ ಮಾಡುವಾಗ ಸ್ಟ್ರೀಮರು ಮೊದಲು, ಆಂಪು ಕೊನೆಗೆ; ಆಫ್ ಮಾಡುವಾಗ ಆಂಪು ಮೊದಲು. ಕರೆಂಟು ಹೋದ ಕೂಡಲೇ ಆಂಪಿನ ಸ್ವಿಚ್ಚು ಹೊರಗೆ ಬರಬೇಕು, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಸಂಜೆ ಗುಡುಗು ಕೇಳಿದರೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಫೈಬರಿನಲ್ಲಿ ಸಿಡಿಲು ಬಾರದು ಎಂಬುದು ಸರಿ, ಆದರೆ ರೂಟರಿನ ಅಡಾಪ್ಟರು ಇರುವುದು ಅದೇ ಕರೆಂಟಿನಲ್ಲಿ.

ನೀವು ಫುಲ್ ಇಟ್ಟು ಈಗಾಗಲೇ ಒಂದು ವಾರ ಆಯಿತು ಅಂದಿದ್ದೀರಿ. ಟ್ವೀಟರು ಒಮ್ಮೆ ನೋಡಿಕೊಳ್ಳಿ. ಕ್ಯಾಲೆಂಡರ್ ಸುರುಳಿ ಸುತ್ತಿ ಒಂದು ತುದಿ ಟ್ವೀಟರಿಗೆ, ಇನ್ನೊಂದು ಕಿವಿಗೆ. ಹಾಡು ಸಣ್ಣಗೆ ಇರಲಿ. ತಾಳದ ಟಿಣ್ ಎರಡೂ ಕಡೆ ಒಂದೇ ಥರ ಕೇಳಬೇಕು. ಅನುಮಾನ ಬಂದರೆ ಆಂಪು ಆಫ್ ಮಾಡಿ, ಸ್ಕ್ರೂ ಬಿಚ್ಚಿ ಟ್ವೀಟರನ್ನು ಹೊರಗೆ ತೆಗೆಯಿರಿ. ಒಂದು ವಯರನ್ನಾದರೂ ಕಳಚಿಯೇ ಮಲ್ಟಿಮೀಟರ್ ಹಿಡಿಯಬೇಕು, ಇಲ್ಲದಿದ್ದರೆ ಕ್ರಾಸ್‌ಓವರಿನ ಭಾಗಗಳೂ ಲೆಕ್ಕಕ್ಕೆ ಸೇರುತ್ತವೆ. 8 ಓಮಿನದ್ದಾದರೆ ಮೀಟರಿನಲ್ಲಿ 6ರ ಆಸುಪಾಸು ಬರಬೇಕು. ನನ್ನ ಎರಡರಲ್ಲೂ ಮುಳ್ಳು ಕದಲಲೇ ಇಲ್ಲ.